ಎಲೆ ತೆಗೆದುಬಿಡಲೇ?

"ಎಲೆ ತೆಗೆದುಬಿಡಲೇ?" ಎಂದು ಆಕೆ ಕೇಳಿದರು. ಪ್ರಶ್ನೆ ನನಗೆ ಅರ್ಥವಾಗುವಷ್ಟರಲ್ಲಿ ಅವರ ಕೈ ಕೆಲಸ ಮುಗಿಸಿಯಾಗಿತ್ತು. ಎಡಗೈಯಲ್ಲಿ ನವಿಲುಕೋಸಿನ ಗೆಡ್ಡೆ, ಬಲಗೈಯಲ್ಲಿ ಅದರ ಎಲೆಗಳೆಲ್ಲ ಒಟ್ಟು; ಒಂದೇ ತಿರುವು, ಲಟಕ್ಕೆಂದಿತು. ಗೆಡ್ಡೆ ತಕ್ಕಡಿಗೆ ಹೋಯಿತು, ಎಲೆ ಮೇಜಿನ ಕೆಳಗಿದ್ದ ಕ್ರೇಟಿಗೆ ಬಿತ್ತು. ಬಗ್ಗಿ ನೋಡಿದೆ. ಆಗಲೇ ಅದರ ತುಂಬ ಮೂಲಂಗಿ ಸೊಪ್ಪು, ಬೀಟ್‌ರೂಟಿನ ಕೆಂಪು ದಂಟು, ಹೂಕೋಸಿನ ಹೊರಗಿನ ಎಲೆ. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಇದೆಲ್ಲ ಯಾರಿಗೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಆಕೆ ಎರಡು ಬೆರಳನ್ನು ತಲೆಯ ಮೇಲೆ ಕಿವಿಯಂತೆ ನಿಲ್ಲಿಸಿ ತೋರಿಸಿದರು. ಮೊಲಕ್ಕೆ.

ನಾನು ತುಮಕೂರು ಜಿಲ್ಲೆಯ ಬಯಲುಸೀಮೆಯವಳು. ನಮ್ಮಜ್ಜಿ ಸಂತೆಯಲ್ಲಿ ಮೂಲಂಗಿ ಕೊಳ್ಳುವಾಗ ಮೊದಲು ನೋಡುತ್ತಿದ್ದದ್ದು ಸೊಪ್ಪನ್ನು. ಸೊಪ್ಪು ಬಾಡಿದ್ದರೆ ಗೆಡ್ಡೆ ಎಷ್ಟೇ ಬೆಳ್ಳಗಿರಲಿ, ಮುಟ್ಟುತ್ತಿರಲಿಲ್ಲ. ಗೆಡ್ಡೆ ಹುಳಿಗೆ, ಸೊಪ್ಪು ಪಲ್ಯಕ್ಕೆ. ಒಂದು ಕಟ್ಟಿನಲ್ಲಿ ಎರಡು ಹೊತ್ತಿನ ಅಡುಗೆ. ಆ ಕ್ರೇಟಿನಲ್ಲಿ ಬಿದ್ದಿದ್ದದ್ದು ನನ್ನ ಕಣ್ಣಿಗೆ ಒಂದು ವಾರದ ಊಟ. ಕೇಳಿ ತೆಗೆದುಕೊಳ್ಳೋಣವೆಂದರೆ ನನ್ನಲ್ಲಿ ಆಗ ಇದ್ದ ಜರ್ಮನ್ ಭಾಷೆ ಒಂದು, ಎರಡು, ಮೂರು, ಧನ್ಯವಾದ, ಅಷ್ಟೆ. ಗೆಡ್ಡೆಯನ್ನಷ್ಟೇ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಸಂಜೆ ಹುಳಿ ಕುದಿಯುವಾಗಲೂ ಆ ಎಲೆಗಳೇ ಕಣ್ಣಮುಂದೆ.

ಊರು ದಕ್ಷಿಣ ಜರ್ಮನಿಯ ಟ್ಯೂಬಿಂಗನ್. ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕರ್ ನದಿಯ ದಡದಲ್ಲಿ, 1477ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಹೆಸರಾದ ಊರು. ಕನ್ನಡದವರಿಗೆ ಇದು ಪೂರ್ತಿ ಪರಸ್ಥಳವೇನಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು, 1903ರಲ್ಲಿ ಕಣ್ಣು ಮುಚ್ಚಿದ್ದು ಇಲ್ಲಿಯೇ. ನಮ್ಮ ಸೊಪ್ಪು, ಕಾಳು, ಮೊರ, ಒರಳುಗಳ ಹೆಸರನ್ನೆಲ್ಲ ಒಂದೊಂದಾಗಿ ಬರೆದಿಟ್ಟ ಆ ಮನುಷ್ಯ ಈ ಚೌಕದಲ್ಲಿ ಕೈಚೀಲ ಹಿಡಿದು ನಡೆದಿರಬಹುದು ಎಂಬ ಯೋಚನೆ ನನಗೆ ಹೋದಾಗಲೆಲ್ಲ ಬರುತ್ತದೆ.

ಚೌಕ ಅಂದರೆ ಮಾರ್ಕ್ಟ್‌ಪ್ಲಾಟ್ಸ್, ಊರ ನಡುವಿನ ಸಂತೆಮಾಳ. ಕಲ್ಲು ಹಾಸಿದ, ಸ್ವಲ್ಪ ಇಳಿಜಾರಾದ ಜಾಗ. ಮೇಲ್ಬದಿಗೆ 1435ರಲ್ಲಿ ಕಟ್ಟಿದ ಪುರಭವನ, ಅದರ ಮುಂಭಾಗದಲ್ಲಿ ಸೂರ್ಯಚಂದ್ರರ ಗತಿ ತೋರಿಸುವ 1511ರ ಗಡಿಯಾರ. ನಡುವೆ ತ್ರಿಶೂಲ ಹಿಡಿದ ನೆಪ್ಚೂನನ ಕಾರಂಜಿ. ಅದರ ಈಗಿನ ವಿಗ್ರಹ 1948ರದು, ಯುದ್ಧದ ಆಯುಧಗಳನ್ನು ಕರಗಿಸಿದ ಲೋಹದಲ್ಲಿ ಎರಕ ಹೊಯ್ದದ್ದು. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಇದರ ಸುತ್ತ ಅಂಗಡಿ ಹರಡುತ್ತವೆ. ಮಧ್ಯಾಹ್ನ ಒಂದು ಗಂಟೆಗೆ ಕೊಡೆ ಮಡಿಚಿ, ನೆಲ ಗುಡಿಸಿ, ಬಂದವರೆಲ್ಲ ಹೊರಟುಹೋಗಿರುತ್ತಾರೆ. ಎರಡು ಗಂಟೆಗೆ ಹೋದವರಿಗೆ ಇಲ್ಲಿ ಸಂತೆ ನಡೆದಿತ್ತೆಂಬ ಗುರುತೂ ಸಿಗುವುದಿಲ್ಲ.

ಜರ್ಮನಿಯಲ್ಲಿ ಇದಕ್ಕೆ ವೋಖನ್‌ಮಾರ್ಕ್ಟ್ ಅನ್ನುತ್ತಾರೆ. ವೋಖ ಅಂದರೆ ವಾರ. ನಮ್ಮ ವಾರದ ಸಂತೆಯೇ, ಹೆಸರಿನ ಸಮೇತ. ದೇಶದ ವ್ಯಾಪಾರ ಕಾನೂನಿನಲ್ಲಿ ಇದಕ್ಕೊಂದು ವ್ಯಾಖ್ಯೆಯೂ ಇದೆ. ನಿಗದಿಯಾದ ಹೊತ್ತಿಗೆ ಮತ್ತೆ ಮತ್ತೆ ಸೇರಬೇಕು, ಮಾರುವವರು ಹಲವರಿರಬೇಕು, ಮಾರುವ ಸರಕು ಆಹಾರ ಪದಾರ್ಥ, ತೋಟ–ಹೊಲ–ಕಾಡು–ಮೀನುಗಾರಿಕೆಯ ಉತ್ಪನ್ನ ಆಗಿರಬೇಕು. ದೊಡ್ಡ ಜಾನುವಾರು ಮಾತ್ರ ಕೂಡದು. ಸಂತೆಗೂ ಜಾತ್ರೆಗೂ ಇರುವ ವ್ಯತ್ಯಾಸವನ್ನು ಕಾನೂನು ಇಷ್ಟು ಬಿಡಿಸಿ ಹೇಳಿರುವುದರಿಂದಲೇ ಸೋಪು, ಪ್ಲಾಸ್ಟಿಕ್ ಬಕೆಟ್ಟು, ಮೊಬೈಲ್ ಕವರ್ ಬಂದು ತರಕಾರಿಯವರನ್ನು ಮೂಲೆಗೆ ತಳ್ಳುವುದು ಇಲ್ಲಿ ಸುಲಭವಲ್ಲ. ನಮ್ಮೂರಿನ ಸಂತೆಗಳಿಗೂ ಇಂಥದೊಂದು ರಕ್ಷಣೆ ಇದ್ದಿದ್ದರೆ ಎಂದು ನನಗೆ ಅನ್ನಿಸಿದೆ.

ಕೊಳ್ಳುವ ರೀತಿ ಮಾತ್ರ ನಮ್ಮದಕ್ಕೆ ಪೂರ್ತಿ ತಿರುಗುಮುರುಗು. ಮೊದಲ ತಿಂಗಳಲ್ಲಿ ಒಂದು ಅಂಗಡಿಯಲ್ಲಿ ಟೊಮೆಟೊ ಕೈಗೆತ್ತಿಕೊಂಡು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದೆ. ನಮ್ಮಲ್ಲಿ ಬೆಂಡೆಕಾಯಿಯ ತುದಿ ಮುರಿಯದೆ, ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸದೆ, ಹಲಸಿನಹಣ್ಣು ಬಡಿದು ನೋಡದೆ ಕೊಂಡವರುಂಟೆ? ಅಂಗಡಿಯವರು ನನ್ನ ಕೈಯಿಂದ ಹಣ್ಣನ್ನು ತೆಗೆದುಕೊಂಡು ಮತ್ತೆ ಅದರ ಜಾಗದಲ್ಲಿಟ್ಟರು. ದನಿ ಎತ್ತರಿಸಲಿಲ್ಲ, ಆದರೆ ಹಿಂದೆ ನಿಂತ ಐದಾರು ಜನರ ಮುಂದೆ ಮುಖ ಕೆಂಪಾಯಿತು. ಆಮೇಲೆ ಎರಡು ವಾರ ನಾನು ಆ ಚೌಕದ ಕಡೆ ಸುಳಿಯಲಿಲ್ಲ.

ಕಾರಣ ತಿಳಿದದ್ದು ತಡವಾಗಿ. ಬೆಳೆದವರೇ ಸಂತೆಗೆ ತರುವ ಟೊಮೆಟೊ, ಪೀಚು ದೂರ ಸಾಗಿಸಲು ಕಾಯಿಯಾಗಿ ಕಿತ್ತದ್ದಲ್ಲ. ಹಣ್ಣಾದ ಮೇಲೆ ಹಿಂದಿನ ದಿನವೋ ಅಂದೇ ನಸುಕಿನಲ್ಲೋ ಕಿತ್ತದ್ದು. ಹತ್ತು ಕೈ ಒತ್ತಿದರೆ ಮಧ್ಯಾಹ್ನದೊಳಗೆ ಕಪ್ಪಾಗುತ್ತದೆ. ಆದ್ದರಿಂದ ಇಲ್ಲಿ ಆರಿಸುವ ಕೆಲಸ ಕೊಳ್ಳುವವರದಲ್ಲ, ಮಾರುವವರದು. ಕೊಳ್ಳುವವರು ಮಾಡಬೇಕಾದದ್ದು ಒಂದೇ, ಏನಕ್ಕೆ, ಯಾವಾಗ ಎಂದು ಹೇಳುವುದು. "ಇವತ್ತೇ ತಿನ್ನಲು ಎರಡು, ಭಾನುವಾರಕ್ಕೆ ಮೂರು" ಅಂದರೆ ಸಾಕು. ಆ ಮಾತು ಹೇಳಿದ ಕೂಡಲೇ ಅವರ ಕೈ ಬುಟ್ಟಿಯ ಮೇಲೆ ಓಡಾಡುವುದನ್ನು ನೋಡಬೇಕು. ಒಂದನ್ನು ಎತ್ತಿ ಬಿಟ್ಟು, ಇನ್ನೊಂದರ ತೊಟ್ಟು ನೋಡಿ, ಮೂರನೆಯದನ್ನು ಆರಿಸುತ್ತಾರೆ. ಭಾನುವಾರಕ್ಕೆ ಕೊಟ್ಟ ಪೇರುಹಣ್ಣು ಭಾನುವಾರವೇ ಹದಕ್ಕೆ ಬರುತ್ತದೆ. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಈ ಲೆಕ್ಕ ಗೃಹಕೃತ್ಯದ ದೊಡ್ಡ ಲೆಕ್ಕ.

ತೂಕದ ಮಾತೂ ಹಳೆಯದೇ ಉಳಿದಿದೆ. ಪೌಂಡು ಅಂದರೆ ಇವರ ಬಾಯಲ್ಲಿ ಸರಿಯಾಗಿ 500 ಗ್ರಾಂ. "ಅರ್ಧ ಪೌಂಡು ಬೀನ್ಸ್" ಅಂದರೆ ನಮ್ಮ ಕಾಲು ಕೆ.ಜಿ. ಚೌಕಾಶಿ ಇಲ್ಲ. ಬರಿಯ ಶಿಸ್ತಿನ ಮಾತಲ್ಲ ಇದು. ಚಿಲ್ಲರೆ ವ್ಯಾಪಾರದಲ್ಲಿ ಗಿರಾಕಿಗೆ ಶೇ 3ಕ್ಕಿಂತ ಹೆಚ್ಚು ರಿಯಾಯಿತಿ ಕೊಡಬಾರದು ಎಂಬ ಕಾನೂನು ಈ ದೇಶದಲ್ಲಿ 2001ರವರೆಗೂ ಜಾರಿಯಲ್ಲಿತ್ತು. ಹಾಕಿದ ಬೆಲೆಯೇ ಬೆಲೆ ಎಂದು ತಲೆಮಾರುಗಳೇ ಬೆಳೆದಿವೆ. ಆದರೆ ಕೊಸರು ಇದೆ! ನಾಲ್ಕು ಸಲ ಹೋಗಿ ಮುಖಪರಿಚಯವಾದ ಮೇಲೆ, ತೂಗಿ ಬೆಲೆ ಹೇಳಿಯಾದ ಮೇಲೆ, ಒಂದು ಹಿಡಿ ಪಾರ್ಸ್ಲಿಯನ್ನೋ ಒಂದು ಸೇಬನ್ನೋ ಮಾತಿಲ್ಲದೆ ಚೀಲಕ್ಕೆ ಸೇರಿಸುತ್ತಾರೆ. ಅದನ್ನು ಕೇಳಬಾರದು, ಕೇಳಿದರೆ ಸಿಗುವುದಿಲ್ಲ.

ಹೊಸದಾಗಿ ಬಂದವರು ಕಲಿಯಬೇಕಾದ ಇನ್ನೊಂದು ಸಂಗತಿ, ಕೊಡೆಯ ಕೆಳಗೆ ನಿಂತವರೆಲ್ಲ ಬೆಳೆದವರಲ್ಲ. ಸ್ಟುಟ್‌ಗಾರ್ಟಿನ ವಾಂಗನ್ ಭಾಗದಲ್ಲಿರುವ ಸಗಟು ಮಾರುಕಟ್ಟೆಯಿಂದ ನಸುಕಿನಲ್ಲಿ ಸರಕು ತಂದು ಮಾರುವವರಿದ್ದಾರೆ. ಅದೂ ಮರ್ಯಾದೆಯ ವ್ಯಾಪಾರವೇ. ಜನವರಿಯಲ್ಲಿ ಬದನೆ, ಬಾಳೆ, ಮಾವು ಎಲ್ಲ ಒಟ್ಟಿಗೆ ಇರುವ ಅಂಗಡಿ ಅವರದು. ಇನ್ನೊಂದು ಅಂಗಡಿಯಲ್ಲಿ ಕೋಸು, ಲೀಕು, ಕ್ಯಾರೆಟ್, ಸೇಬು, ನಾಲ್ಕೈದು ಬಗೆಯ ಆಲೂಗಡ್ಡೆ ಬಿಟ್ಟರೆ ಬೇರೇನೂ ಇಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ "ನಾವೇ ಬೆಳೆದದ್ದು" ಎಂಬ ಅರ್ಥದ ಎರಡು ಮೂರು ಪದ. ತರಕಾರಿ, ಹಣ್ಣು ಯಾವ ದೇಶದ್ದೆಂದು ಬರೆದು ನಿಲ್ಲಿಸುವುದು ಯುರೋಪಿನಲ್ಲಿ ಕಡ್ಡಾಯ. ಆ ಪುಟ್ಟ ಫಲಕ ಓದಲು ಭಾಷೆ ಬೇಕಿಲ್ಲ. ಮೊಟ್ಟೆಯ ಮೈಮೇಲೂ ಅಂಕಿ ಇದೆ. ಮೊದಲ ಅಂಕಿ 0 ಇದ್ದರೆ ಸಾವಯವ, 1 ಇದ್ದರೆ ಹೊರಗೆ ಮೇಯುವ ಕೋಳಿ, 2 ಇದ್ದರೆ ಕೊಟ್ಟಿಗೆಯೊಳಗೆ ಓಡಾಡುವುದು, 3 ಇದ್ದರೆ ಪಂಜರದ್ದು. ಆಮೇಲೆ ದೇಶದ ಅಕ್ಷರ, ಅದರ ಹಿಂದೆ 08 ಎಂದಿದ್ದರೆ ನಮ್ಮದೇ ಬಾಡೆನ್‌–ವುರ್ಟೆಂಬರ್ಗ್ ರಾಜ್ಯದ ಮೊಟ್ಟೆ.

ಸಂತೆ ಅಗ್ಗವಲ್ಲ. ಇದನ್ನು ಮುಚ್ಚಿಡಬಾರದು. ಅಗ್ಗದ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ಕ್ಯಾರೆಟ್ಟಿಗೆ ಇಲ್ಲಿ ಕೆಲವೊಮ್ಮೆ ದುಪ್ಪಟ್ಟು ಕೊಟ್ಟಿದ್ದೇನೆ. ವಿದ್ಯಾರ್ಥಿವೇತನದಲ್ಲಿ ಬದುಕುವ ಹುಡುಗ ಹುಡುಗಿಯರು ನನ್ನನ್ನು ಕೇಳಿದಾಗ ನಾನು ಹೇಳುವುದು ಇಷ್ಟು: ಅಕ್ಕಿ, ಹಾಲು, ಮೊಸರು, ಈರುಳ್ಳಿ, ಎಣ್ಣೆ ಸೂಪರ್‌ಮಾರ್ಕೆಟ್ಟಿನಲ್ಲೇ ಕೊಳ್ಳಿ, ಸೊಪ್ಪು, ಬೀನ್ಸ್, ಆಯಾ ಕಾಲದ ಹಣ್ಣು ಸಂತೆಯಲ್ಲಿ. ಹನ್ನೆರಡೂವರೆ ಆದಮೇಲೆ ಹೋದರೆ ಉಳಿದ ಸೊಪ್ಪನ್ನು ಎರಡು ಕಟ್ಟಿಗೆ ಒಂದರ ಬೆಲೆ ಮಾಡಿ ಕೊಡುವವರಿದ್ದಾರೆ. ಬಟ್ಟೆಯ ಚೀಲ ನಿಮ್ಮದೇ ತನ್ನಿ. ಒಮ್ಮೆ ಬಳಸಿ ಎಸೆಯುವ ತಟ್ಟೆ ಲೋಟದಲ್ಲಿ ಊಟ ತಿಂಡಿ ಕಟ್ಟಿಕೊಟ್ಟರೆ 2022ರಿಂದ ಈ ಊರಿನಲ್ಲಿ ತೆರಿಗೆ ಬೀಳುತ್ತದೆ, ತಟ್ಟೆಯೊಂದಕ್ಕೆ 50 ಸೆಂಟು. ತರಕಾರಿಗೂ ಆ ತೆರಿಗೆಗೂ ಸಂಬಂಧವಿಲ್ಲ, ಆದರೆ ಕೈಯಲ್ಲಿ ಚೀಲ ಇಲ್ಲದೆ ಸಂತೆಗೆ ಬರುವವರು ಇಲ್ಲಿ ಅಪರೂಪ.

ನಾನು ಮೊದಲ ಆರು ತಿಂಗಳು ಮಾಡಿದ ತಪ್ಪು ಚೀಲದ್ದಲ್ಲ, ಚೀಟಿಯದು. ಮನೆಯಲ್ಲೇ ಚೀಟಿ ಬರೆದುಕೊಂಡು ಹೋಗುತ್ತಿದ್ದೆ. ಬೆಂಡೆಕಾಯಿ, ಸೌತೆಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ತೆಂಗಿನಕಾಯಿ. ಅಂಗಡಿಯಿಂದ ಅಂಗಡಿಗೆ "ಇದೆಯಾ, ಇದೆಯಾ" ಎಂದು ಕೇಳುತ್ತಾ ಚೌಕ ಸುತ್ತಿ, ಎಲ್ಲರಿಂದಲೂ "ಇಲ್ಲ" ಅನ್ನಿಸಿಕೊಂಡು, ಬೆರಳ ಗಾತ್ರದ ಕೊತ್ತಂಬರಿ ಕಟ್ಟಿಗೆ ಎರಡು ಯೂರೋ ಕೊಟ್ಟು ಅಳು ನುಂಗಿಕೊಂಡು ಬರುತ್ತಿದ್ದೆ. ಈ ದೇಶದಲ್ಲಿ ಏನೂ ಸಿಗುವುದಿಲ್ಲ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ನನ್ನ ಸುತ್ತ ಬೆಟ್ಟದಷ್ಟು ತರಕಾರಿ ಇತ್ತು. ಚೀಟಿಯಲ್ಲಿ ಇಲ್ಲದ್ದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮಜ್ಜಿ ಎಂದೂ ಚೀಟಿ ಹಿಡಿದು ಸಂತೆಗೆ ಹೋದವಳಲ್ಲ. ಒಂದು ಸುತ್ತು ಹಾಕಿ, ಯಾವುದು ಎಳೆಯದಾಗಿ ಬಂದಿದೆ ಎಂದು ನೋಡಿ, ಆಮೇಲೆ ಅಂದಿನ ಸಾರು ಯಾವುದೆಂದು ತೀರ್ಮಾನಿಸುತ್ತಿದ್ದಳು. ತರಕಾರಿ ಅಡುಗೆಯನ್ನು ಹೇಳುತ್ತಿತ್ತು, ಅಡುಗೆ ತರಕಾರಿಯನ್ನಲ್ಲ. ನಾನು ಮರೆತಿದ್ದದ್ದು ಅದನ್ನು. ಚೀಟಿ ಬಿಟ್ಟು "ಇವತ್ತು ಏನು ಚೆನ್ನಾಗಿದೆ?" ಎಂದು ಕೇಳಲು ಶುರುಮಾಡಿದ ದಿನದಿಂದ ನನಗೆ ಈ ಊರಿನಲ್ಲಿ ಅಡುಗೆಮನೆ ಅನ್ನುವುದೊಂದು ಆಯಿತು.

ಮಾಂಗೋಲ್ಡ್ ಎಂಬ ಅಗಲ ಎಲೆ, ದಪ್ಪ ದಂಟಿನ ಸೊಪ್ಪು ಬೀಟ್‌ರೂಟಿನ ಒಡಹುಟ್ಟು. ದಂಟು ಬೇರೆ, ಎಲೆ ಬೇರೆ ಹೆಚ್ಚಿ ಬೇಯಿಸಿ ಬಸಿದರೆ ಅದರ ಕಟ್ಟಿನಲ್ಲಿ ಮಾಡುವ ಬಸ್ಸಾರು ಊರಿನದಕ್ಕೆ ಏನೂ ಕಡಿಮೆಯಿಲ್ಲ. ಸ್ಟುಟ್‌ಗಾರ್ಟಿನ ವಿಮಾನ ನಿಲ್ದಾಣ ಇರುವ ಫಿಲ್ಡರ್ ಬಯಲಿನಲ್ಲಿ ಬೆಳೆಯುವ ಚೂಪು ತಲೆಯ ಕೋಸು ನಮ್ಮ ಗುಂಡುಕೋಸಿಗಿಂತ ಮೃದು. ಕಡಲೆಬೇಳೆ, ಕಾಯಿತುರಿ ಹಾಕಿ ಐದೇ ನಿಮಿಷದಲ್ಲಿ ಪಲ್ಯ. ಸೆಪ್ಟೆಂಬರಿನಲ್ಲಿ ಬರುವ ಕಿತ್ತಳೆ ಬಣ್ಣದ ಸಣ್ಣ ಹೊಕ್ಕೈಡೊ ಕುಂಬಳಕ್ಕೆ ಸಿಪ್ಪೆ ಹೆರೆಯುವ ಕೆಲಸವಿಲ್ಲ. ಆಲೂಗಡ್ಡೆಯನ್ನು ಬೇಯುವ ಗುಣದ ಮೇಲೆ ಮೂರು ವರ್ಗ ಮಾಡಿ ಬರೆದಿರುತ್ತಾರೆ. ಬೆಂದರೂ ಗಟ್ಟಿ ನಿಲ್ಲುವುದು, ನಡುವಿನದು, ಹಿಟ್ಟಾಗುವುದು. ಹೋಳು ಪಲ್ಯಕ್ಕೆ ಮೊದಲನೆಯದು, ಮಸಾಲೆ ದೋಸೆಯ ಪಲ್ಯಕ್ಕೂ ಬೋಂಡಕ್ಕೂ ಕೊನೆಯದು. ಬೊಸ್ಕೋಪ್ ಎಂಬ ಒರಟು ಸಿಪ್ಪೆಯ ಹುಳಿ ಸೇಬನ್ನು ತುರಿದು ಮಾವಿನಕಾಯಿ ಚಿತ್ರಾನ್ನದ ಹಾಗೆ ಮಾಡಿ ನೋಡಿ. ವಸಂತದಲ್ಲಿ ಬರುವ ರೂಬಾರ್ಬಿನ ಕೆಂಪು ದಂಟಿನ ಹುಳಿಗೆ ಬೆಲ್ಲ ಸೇರಿದರೆ ಗೊಜ್ಜು ತಾನಾಗಿಯೇ ಆಗುತ್ತದೆ. ಇದೊಂದರ ಎಲೆಯನ್ನು ಮಾತ್ರ ಯಾರೂ, ಎಷ್ಟೇ ಸೊಪ್ಪಿನ ಆಸೆ ಇದ್ದರೂ, ಬೇಯಿಸಬಾರದು. ಅದರಲ್ಲಿ ಆಕ್ಸಾಲಿಕ್ ಆಮ್ಲ ವಿಷವಾಗುವಷ್ಟಿದೆ.

ಕರಿಬೇವು, ತೆಂಗಿನಕಾಯಿಗೆ ತಮಿಳರ ಅಂಗಡಿಗೆ ರೈಲು ಹತ್ತಬೇಕು. ತಿಂಗಳಿಗೊಮ್ಮೆ ಹೋಗುತ್ತೇನೆ. ಅಷ್ಟು ಸಾಕು.

ಕಾಲದ ವಿಷಯದಲ್ಲಿ ಇಲ್ಲಿನ ಜನ ಎಷ್ಟು ಕಟ್ಟುನಿಟ್ಟೆಂದರೆ ಷ್ಪಾರ್ಗೆಲ್ ಎಂಬ ಬಿಳಿ ಶತಾವರಿಯನ್ನೇ ನೋಡಿ. ಏಪ್ರಿಲ್ ನಡುವಿನಲ್ಲಿ ಅದು ಬಂತೆಂದರೆ ಊರಿಗೆ ಊರೇ ಅದರದೇ ಮಾತು. ಜೂನ್ 24, ಸಂತ ಯೋಹಾನನ ಹಬ್ಬದ ದಿನ ಕೊಯ್ಲು ಮುಗಿಯುತ್ತದೆ. ಬೆಳೆ ಇನ್ನೂ ಚಿಗುರುತ್ತಿರುತ್ತದೆ, ಆದರೂ ಕೊಯ್ಯುವುದಿಲ್ಲ. ವರ್ಷಾನುಗಟ್ಟಲೆ ನೆಲದಲ್ಲಿ ನಿಲ್ಲುವ ಬುಡ ಅದು. ಅಲ್ಲಿಂದ ಮುಂದೆ ಚಿಗುರನ್ನು ಬಿಟ್ಟರೆ ಎಲೆಯಾಗಿ, ಬಿಸಿಲು ಕುಡಿದು, ಮುಂದಿನ ವರ್ಷಕ್ಕೆ ಬೇರಿನಲ್ಲಿ ಶಕ್ತಿ ಕೂಡಿಡುತ್ತದೆ. ಕರೆಯುವ ಹಸುವನ್ನು ಬತ್ತಿಸುವ ಹಾಗೆ. ಜೂನ್ 25ರಂದು ಕೇಳಿದವರಿಗೆ "ಮುಂದಿನ ವರ್ಷ" ಎಂಬ ಉತ್ತರ.

ಅದಕ್ಕೂ ಮೊದಲು, ಮಾರ್ಚಿನಲ್ಲಿ, ಬೇರ್‌ಲಾವ್ಖ್ ಎಂಬ ಕಾಡುಬೆಳ್ಳುಳ್ಳಿಯ ಎಲೆ ಬರುತ್ತದೆ. ನಾಲ್ಕು ತಿಂಗಳ ಗೆಡ್ಡೆ ಗೆಣಸಿನ ನಂತರ ಮೊದಲ ಹಸಿರು. ಚಟ್ನಿಗೆ ಹೇಳಿ ಮಾಡಿಸಿದ ಎಲೆ. ಊರ ಪಕ್ಕದ ಕಾಡಿನಲ್ಲೂ ಬೆಳೆಯುತ್ತದೆ, ಜನ ಚೀಲ ಹಿಡಿದು ಹೋಗುತ್ತಾರೆ. ನಾನು ಸಂತೆಯಲ್ಲೇ ಕೊಳ್ಳುತ್ತೇನೆ. ಥಟ್ಟನೆ ನೋಡಿದರೆ ಅದರಂತೆಯೇ ಕಾಣುವ ಇನ್ನೆರಡು ಗಿಡದ ಎಲೆ, ಕಣಿವೆ ಲಿಲ್ಲಿಯದು ಮತ್ತು ಶರತ್ಕಾಲದ ಕ್ರೋಕಸ್‌ನದು, ಪ್ರಾಣಕ್ಕೇ ಅಪಾಯ. ಅಣ್ಣೆಸೊಪ್ಪು, ಗಣಿಕೆಸೊಪ್ಪನ್ನು ಹೊಲದ ಬದುವಿನಲ್ಲಿ ಕಣ್ಣು ಮುಚ್ಚಿ ಕಿತ್ತು ತರುತ್ತಿದ್ದವಳ ಮೊಮ್ಮಗಳು ನಾನು. ಆದರೆ ಆ ಕಣ್ಣು ಆ ನೆಲದ್ದು, ಈ ನೆಲಕ್ಕೆ ನನಗೆ ಆ ಕಣ್ಣಿಲ್ಲ.

ಈಗ ಬೇಳೆಯ ಮಾತು. ಚೌಕದಲ್ಲಿ ಒಂದು ದಿನ ಸಣ್ಣ ಬಟ್ಟೆಚೀಲದಲ್ಲಿ ಹಸಿರು ಕಂದು ಕಾಳು ಕಂಡು ನಿಂತುಬಿಟ್ಟೆ. ಚನ್ನಂಗಿಯ ಜಾತಿಯದೇ, ಇನ್ನೂ ಪುಟ್ಟದು. ಈ ಸೀಮೆಯ ಜನರಿಗೆ, ಅಂದರೆ ಶ್ವಾಬಿಯಾದವರಿಗೆ, ಕಾಳೂ ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ಎಳೆಯೂ ಸೇರಿದ ಊಟವೆಂದರೆ ನಮಗೆ ಮುದ್ದೆ ಸಾರು ಇದ್ದ ಹಾಗೆ. ಊರಿನ ದಕ್ಷಿಣಕ್ಕೆ ಕಾಣುವ ಶ್ವೇಬಿಷ್ ಆಲ್ಬ್ ಎಂಬ ಸುಣ್ಣಕಲ್ಲಿನ ಎತ್ತರದ ಸೀಮೆಯಲ್ಲಿ, ಬೇರೆ ಬೆಳೆಗೆ ಒಗ್ಗದ ತೆಳು ಮಣ್ಣಿನಲ್ಲಿ, ತಲೆತಲಾಂತರದಿಂದ ಅದನ್ನು ಬೆಳೆಯುತ್ತಿದ್ದರು. ಇಳುವರಿ ಕಡಿಮೆ, ಕೆಲಸ ಜಾಸ್ತಿ. 1950ರ ದಶಕದಲ್ಲಿ ಹೊರದೇಶದ ಕಾಳು ಅಗ್ಗವಾಗಿ ಬಂದಾಗ ಬಿಟ್ಟರು. ಬಿಟ್ಟ ಮೇಲೆ ಬಿತ್ತನೆ ಬೀಜವೂ ಕಳೆದುಹೋಯಿತು. ಊಟ ಉಳಿಯಿತು, ಬೆಳೆ ಹೋಯಿತು.

1980ರ ದಶಕದಲ್ಲಿ ಲಾವ್ಟರಾಖ್ ಎಂಬ ಹಳ್ಳಿಯ ಸಾವಯವ ಕೃಷಿಕ ವೋಲ್ಡೆಮಾರ್ ಮಾಮೆಲ್ ಮತ್ತೆ ಕಾಳು ಬಿತ್ತಲು ಹೊರಟರು. ಆ ಸೀಮೆಯ ಹಳೆಯ ತಳಿಗಾಗಿ ಹುಡುಕಿದ್ದೇ ಹುಡುಕಿದ್ದು. ಯಾವ ಮನೆಯ ಅಟ್ಟದಲ್ಲೂ ಇರಲಿಲ್ಲ. ಕೊನೆಗೆ 2006ರಲ್ಲಿ ಅದು ಸಿಕ್ಕಿದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ವವಿಲೋವ್ ಸಂಸ್ಥೆಯ ಬೀಜಭಂಡಾರದಲ್ಲಿ. ಆ ಭಂಡಾರದ ಕಥೆ ಗೊತ್ತಿದ್ದವರಿಗೆ ಮೈ ಜುಮ್ಮೆನ್ನುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಆ ನಗರವನ್ನು ಮುತ್ತಿ ಹಸಿವಿನಿಂದ ಕೊಲ್ಲುತ್ತಿದ್ದಾಗ, ಸುತ್ತ ಧಾನ್ಯದ ಮೂಟೆಗಳನ್ನೇ ಇಟ್ಟುಕೊಂಡು, ಬಿತ್ತನೆ ಬೀಜವನ್ನು ತಿನ್ನದೆ ಅಲ್ಲಿನ ವಿಜ್ಞಾನಿಗಳು ಹಸಿವಿನಿಂದ ಸತ್ತರು. ಸಂಸ್ಥೆಯನ್ನು ಕಟ್ಟಿದ ನಿಕೊಲಾಯ್ ವವಿಲೋವ್ ಸ್ಟಾಲಿನ್ನನ ಸೆರೆಮನೆಯಲ್ಲಿ 1943ರಲ್ಲಿ ತೀರಿಕೊಂಡರು. ಅಂಥ ಕಡೆಯಿಂದ ಒಂದಷ್ಟು ಕಾಳು ಜರ್ಮನಿಗೇ ವಾಪಸು ಬಂದವು. ಅದನ್ನು ಬಿತ್ತಿ, ಒಕ್ಕಿ, ಮತ್ತೆ ಬಿತ್ತಿ ಹೆಚ್ಚಿಸಿದರು. ಈಗ ಆಲ್ಬ್ ಸೀಮೆಯ ರೈತರ ಕೂಟ ಅದನ್ನು ಬೆಳೆದು ಆಲ್ಬ್–ಲೈಸಾ ಎಂಬ ಹೆಸರಲ್ಲಿ ಮಾರುತ್ತದೆ. ಲೈಸಾ ಅಂದರೆ ಇಲ್ಲಿನ ಆಡುಮಾತಿನಲ್ಲಿ ಕಾಳು.

ಬೆಳೆಯುವ ರೀತಿಯನ್ನು ಮಾರುವಾತ ವಿವರಿಸಿದಾಗ ನಾನು ಬೆರಗಾದೆ. ಈ ಕಾಳಿನ ಬಳ್ಳಿಗೆ ತಾನೇ ನಿಲ್ಲುವ ಶಕ್ತಿಯಿಲ್ಲ, ಮಳೆಗೆ ನೆಲಕಚ್ಚುತ್ತದೆ. ಆದ್ದರಿಂದ ಜೊತೆಗೆ ಬಾರ್ಲಿಯನ್ನೋ ಓಟ್ಸನ್ನೋ ಬಿತ್ತುತ್ತಾರೆ. ಬಳ್ಳಿ ಅದನ್ನು ಹಿಡಿದು ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ದು ಆಮೇಲೆ ಬೇರ್ಪಡಿಸುತ್ತಾರೆ. "ನಮ್ಮಲ್ಲಿ ಇದಕ್ಕೆ ಅಕ್ಕಡಿ ಅನ್ನುತ್ತಾರೆ" ಎಂದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು ಬಿಡುವುದನ್ನು ನನ್ನ ಹರಕು ಜರ್ಮನ್ನಿನಲ್ಲಿ ಹೇಳಿದೆ. ಆತ ಪೆನ್ನು ಕೊಟ್ಟು, ಆ ಪದವನ್ನು ಕಾಗದದ ಚೀಲದ ಮೇಲೆ ಬರೆಸಿಕೊಂಡರು. ಕನ್ನಡದಲ್ಲಿ ಬರೆದೆ, ಕೆಳಗೆ ಅವರ ಲಿಪಿಯಲ್ಲೂ. ಕಿಟ್ಟೆಲ್ಲರ ಊರಿನಲ್ಲಿ ಆ ಒಂದು ಪದ ಬರೆದಾಗ ಆದ ಸಂತೋಷವನ್ನು ಹೇಗೆ ಹೇಳಲಿ?

ಅಡುಗೆಗೆ ಇದು ತೊಗರಿಬೇಳೆಯಂತೆ ಕರಗುವ ಕಾಳಲ್ಲ. ಎಷ್ಟು ಬೇಯಿಸಿದರೂ ಇಡಿಯಾಗಿ ನಿಲ್ಲುತ್ತದೆ. ಸಾರಿಗಿಂತ ಉಸಲಿಗೆ ಮೇಲು. ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಚಳಿಗಾಲದಲ್ಲೂ ಎರಡು ಮೂರು ದಿನಕ್ಕೆ ಮೊಳಕೆ ಬರುತ್ತದೆ.

ಈ ಚೌಕಕ್ಕೆ ಇನ್ನೊಂದು ಕಥೆಯಿದೆ. ರೆಮ್ಸ್ ಕಣಿವೆಯ ಹೆಲ್ಮುಟ್ ಪಾಲ್ಮರ್ ಎಂಬ ಹಣ್ಣು ಬೆಳೆಗಾರ ಇಲ್ಲಿ ಹಣ್ಣು ಮಾರುತ್ತಿದ್ದರು. ಅಧಿಕಾರಿಗಳ ಜೊತೆ ಜೀವನವಿಡೀ ಜಗಳ, ಸೆರೆವಾಸ, ಊರೂರಿನ ಮೇಯರ್ ಚುನಾವಣೆಗೆ ನೂರಾರು ಸಲ ಸ್ಪರ್ಧೆ, ಒಂದನ್ನೂ ಗೆಲ್ಲಲಿಲ್ಲ. ಅವರ ಮಗ ಬೋರಿಸ್ ಪಾಲ್ಮರ್ 2007ರಿಂದ ಇದೇ ಟ್ಯೂಬಿಂಗನ್ನಿನ ಮೇಯರ್. ಅವರ ಕಚೇರಿಯ ಪುರಭವನ ಅಪ್ಪ ಹಣ್ಣು ಮಾರುತ್ತಿದ್ದ ಚೌಕದಲ್ಲೇ ಇದೆ. ಸೇಬಿನ ಮರದ ಕೊಂಬೆ ಸವರುವುದು ಹೇಗೆಂದು ಹೆಲ್ಮುಟ್ ಊರೂರಿಗೆ ಹೋಗಿ ಕಲಿಸುತ್ತಿದ್ದರು. ಸಂತೆಯಲ್ಲಿ ನಿಂತ ಮನುಷ್ಯ ಬರೀ ಮಾರುವವನಲ್ಲ, ತಿಳಿದವನು ಎಂಬ ಗೌರವ ಇಲ್ಲಿ ಇನ್ನೂ ಇದೆ.

ಎಲೆಯ ವಿಷಯಕ್ಕೆ ಬರುತ್ತೇನೆ. ಭಾಷೆ ಸ್ವಲ್ಪ ಕೈಗೆ ಬಂದ ಮೇಲೆ ನಾನು ಮೊದಲು ಕಲಿತಿಟ್ಟುಕೊಂಡ ವಾಕ್ಯ "ಬೇಡ, ಎಲೆ ಹಾಗೇ ಇರಲಿ" ಎಂಬುದು. ನವಿಲುಕೋಸಿನ ಅದೇ ಅಂಗಡಿಯಲ್ಲಿ, ಆಕೆಯ ಬಲಗೈ ತಿರುಚಲು ಮುಂದಾದಾಗ, ಅದನ್ನು ಹೇಳಿದೆ. ಕೈ ಅಲ್ಲೇ ನಿಂತಿತು. "ಮೊಲ ಸಾಕಿದ್ದೀರಾ?" ಎಂದರು. ಇಲ್ಲ, ನಮಗೇ, ಊಟಕ್ಕೆ ಎಂದೆ. ಹೇಗೆ ಮಾಡುತ್ತೀರಿ ಎಂದು ಕೇಳಿದರು. ದಪ್ಪ ನರ ತೆಗೆದು ಸಣ್ಣಗೆ ಹೆಚ್ಚುವುದು, ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ, ಕೊನೆಗೆ ಕಾಯಿತುರಿ. ಒಗ್ಗರಣೆಗೆ ಜರ್ಮನ್ ಪದ ಸಿಗದೆ "ಚಟಪಟ" ಎಂದು ಶಬ್ದವನ್ನೇ ಮಾಡಿ ತೋರಿಸಿದೆ. ಅವರಿಗೆ ತಿಳಿಯಿತು.

ನನ್ನ ಹಿಂದೆ ನಿಂತಿದ್ದ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮುಂದೆ ಬಂದು ಕ್ರೇಟಿನೊಳಗೆ ಬಗ್ಗಿ ನೋಡಿದರು. ಯುದ್ಧ ಮುಗಿದ ವರ್ಷಗಳಲ್ಲಿ ಅವರ ತಾಯಿಯೂ ಮೂಲಂಗಿ ಸೊಪ್ಪು ಬೇಯಿಸುತ್ತಿದ್ದರಂತೆ. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಮಾಡಲಿಲ್ಲ, ಬಡತನದ ನೆನಪೆಂದು. "ರುಚಿಯಾಗಿತ್ತು ಕಣಮ್ಮ" ಎಂಬ ದನಿಯಲ್ಲಿ ಏನೋ ಹೇಳಿ, ಒಂದು ಹಿಡಿ ಸೊಪ್ಪನ್ನು ಕ್ರೇಟಿನಿಂದ ತಾವೇ ಎತ್ತಿ ಚೀಲಕ್ಕೆ ಹಾಕಿಕೊಂಡರು. ಚೀಲ ಮುಚ್ಚುವ ಮೊದಲು ನನ್ನ ಕಡೆ ತಿರುಗಿ, ಸಾಸಿವೆ ಮೊದಲೋ ಬೆಳ್ಳುಳ್ಳಿ ಮೊದಲೋ ಎಂದು ಕೇಳಿದರು.

ಸಾಸಿವೆ, ಎಂದೆ.